ಹಾಳೆ ಹೊತ್ತ ಲಾರಿ

ರಿಪ್ಪನ್‌ಪೇಟೆಯ ಕೃಷ್ಣಕುಮಾರ್ ಲಾರಿ ತಂದು ಮನೆಯ ಮುಂದೆ ನಿಲ್ಲಿಸಿದ ದಿನ ಅವನ ತಾಯಿ ಪುಷ್ಪಮ್ಮ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಗಾಡಿಯನ್ನು ಒಂದು ಸುತ್ತು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಮೊದಲು ಮಗನ ಮುಖ ನೋಡಿದರು.

"ಇದನ್ನ ಮಾರಿದವ್ರು ಎಂತಕ್ಕೆ ಮಾರಿದ್ರಂತೆ?"

"ಅವ್ರಿಗೆ ಹೊಸ ಗಾಡಿ ಬೇಕಾಗಿತ್ತಂತೆ ಅಮ್ಮ."

"ಹಂಗಾರೆ ಇದು ಬೇಡಾಗಿತ್ತು ಅಂತಾಯ್ತು," ಎಂದು ಅವರು ನಿಂಬೆಹಣ್ಣು ಇಟ್ಟರು.

ಒಳ್ಳೆಯ ದಿನ ಇಂಥ ಮಾತು ಯಾಕೆ ಎಂದು ಕೃಷ್ಣಕುಮಾರನಿಗೆ ಅನ್ನಿಸಿತು. ಹದಿನೈದು ವರ್ಷ ಇನ್ನೊಬ್ಬರ ಲಾರಿಗೆ ಡ್ರೈವರಾಗಿ ದುಡಿದವನು ಅವನು. ಹುಬ್ಬಳ್ಳಿ, ಮಂಗಳೂರು, ಹುಲಿಕಲ್ ಘಾಟಿ, ಬಯಲುಸೀಮೆಯ ಎರೆಮಣ್ಣಿನ ದಾರಿ ಎಲ್ಲವನ್ನೂ ಕಂಡಿದ್ದ. ದುಡಿಸಿಕೊಳ್ಳುತ್ತಿದ್ದ ಧಣಿ ತನಗೆ ವಯಸ್ಸಾಯಿತೆಂದು ಲಾರಿಗಳನ್ನೆಲ್ಲ ಮಾರಿ ಕೈತೊಳೆದುಕೊಂಡಾಗ ಅವನಿಗೆ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಇನ್ನೊಬ್ಬ ಧಣಿಯ ಬಾಗಿಲಿಗೆ ಹೋಗಿ ನಿಲ್ಲಲು ಮನಸ್ಸಾಗಲಿಲ್ಲ. ಕೂಡಿಟ್ಟದ್ದನ್ನೆಲ್ಲ ಒಟ್ಟು ಮಾಡಿ, ಕಡಿಮೆ ಬಿದ್ದದ್ದಕ್ಕೆ ಫೈನಾನ್ಸ್ ಮಾಡಿಸಿ, ಶಿಕಾರಿಪುರದ ಕಡೆಯವರೊಬ್ಬರಿಂದ ಹನ್ನೊಂದು ವರ್ಷ ಓಡಿದ ಆರು ಚಕ್ರದ ಲಾರಿ ಕೊಂಡುಕೊಂಡ.

ಲಾರಿ ಓಡಿಸುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಡ್ರೈವರಾಗಿದ್ದಾಗ ಗಾಡಿ ಕೆಟ್ಟರೆ ಧಣಿಗೆ ಒಂದು ಫೋನ್ ಮಾಡಿ, ಹತ್ತಿರದ ಹೋಟೆಲಿನಲ್ಲಿ ಚಾ ಹೇಳಿ ಕೂತರೆ ಅವನ ಕೆಲಸ ಮುಗಿಯುತ್ತಿತ್ತು. ಟೈರು ಎಷ್ಟು ಸವೆಯಿತು, ಇನ್ಷೂರೆನ್ಸ್ ಯಾವಾಗ ತೀರುತ್ತದೆ, ಗಾಡಿ ಓಡಲು ಯೋಗ್ಯವೆನ್ನುವ ಸರ್ಕಾರಿ ಪತ್ರವಾದ ಎಫ್‌ಸಿಗೆ ಏನೇನು ಸರಿ ಮಾಡಿಸಬೇಕು ಎಂಬುದೆಲ್ಲ ಧಣಿಯ ತಲೆನೋವು. ಈಗ ಫೋನ್ ಮಾಡಬೇಕಾದವನೂ ಅವನೇ, ಆ ಫೋನ್ ಎತ್ತಬೇಕಾದವನೂ ಅವನೇ.

ಕೆಲಸವೇನೋ ಬೇಗ ಸಿಕ್ಕಿತು. ತೀರ್ಥಹಳ್ಳಿಯಲ್ಲಿ ಮನೆ ಕಟ್ಟುವ ಸಾಮಾನು ಮಾರುತ್ತಿದ್ದ ಮುಕುಂದಯ್ಯನವರಿಗೆ ಹೊಸನಗರ ಕಡೆಯ ಕೋರೆಗಳಿಂದ ಗೋಡೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು ಸಾಗಿಸಬೇಕಿತ್ತು. ಮುಕುಂದಯ್ಯ ಮೋಸದ ಮನುಷ್ಯರಲ್ಲ. ಮಾತಾಡಿದ ಬಾಡಿಗೆಯನ್ನು ಆ ದಿನವೇ ಕೊಡುತ್ತಿದ್ದರು. ಆದರೆ ಬಾಡಿಗೆ ಕಲ್ಲಿನ ಲೆಕ್ಕದ ಮೇಲೆ. ಹೆಚ್ಚು ಹೊತ್ತವನಿಗೆ ಹೆಚ್ಚು. ಮುನ್ನೂರೈವತ್ತು ಕಲ್ಲು ಹೊರುವ ಗಾಡಿಗೆ ಎಲ್ಲರೂ ಐನೂರು ಹೇರುತ್ತಿದ್ದರು. ಕೃಷ್ಣಕುಮಾರನೂ ಐನೂರು ಹೇರಿದ.

ಮೊದಲ ವಾರದ ಬಾಡಿಗೆಯನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿದ. ಇಷ್ಟು ಹಣವನ್ನು ಒಂದು ವಾರದಲ್ಲಿ ಅವನು ಎಂದೂ ಕಂಡಿರಲಿಲ್ಲ. ಎರಡನೇ ತಿಂಗಳಲ್ಲಿ ಹಿಂದಿನ ಎರಡು ಟೈರು ಒಡೆದವು. ಮೂರನೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಹೋಯಿತು. ಅದಾದ ಮೇಲೆ ರೇಡಿಯೇಟರ್ ಸೋರತೊಡಗಿತು. ಒಂದನ್ನು ಸರಿ ಮಾಡಿಸಲು ಇನ್ನಷ್ಟು ಟ್ರಿಪ್ ಹೊಡೆಯುವುದು, ಆ ಟ್ರಿಪ್ಪಿನಲ್ಲಿ ಮತ್ತೊಂದು ಕೆಡುವುದು. ಭಾನುವಾರವೂ ಹಬ್ಬವೂ ಇಲ್ಲದೆ ದುಡಿದ. ಆದರೂ ಫೈನಾನ್ಸಿನ ಕಂತು ಬರುವ ಹೊತ್ತಿಗೆ ಕೈ ಖಾಲಿ.

ಅವನ ಹೆಂಡತಿ ಸ್ವಪ್ನಾ ಊರಿನ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ, ಸಂಜೆ ಜನ ತರುವ ಹಾಲನ್ನು ಅಳೆದು, ಯಂತ್ರಕ್ಕಿಟ್ಟು ಜಿಡ್ಡಿನ ಅಂಶ ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಮಾತು ಕಡಿಮೆ. ಗಂಡ ಕಲ್ಲಿನ ಲೋಡಿಗೆ ಓಡಾಡುವುದನ್ನು ದೀಪಾವಳಿಯಿಂದ ಸುಮ್ಮನೆ ನೋಡುತ್ತಿದ್ದವಳು ಒಂದು ದಿನ ಊಟಕ್ಕೆ ಬಡಿಸುತ್ತಾ ಹೇಳಿದಳು:

"ನಮ್ಮ ಡೈರಿಗೆ ಕೆಲವ್ರು ಕ್ಯಾನ್ ತುಂಬ ಹಾಲು ತರ್ತಾರೆ. ಯಂತ್ರಕ್ಕೆ ಇಟ್ರೆ ಫ್ಯಾಟೇ ಇರಲ್ಲ. ನಿಮ್ಮ ಗಾಡಿನೂ ಹಂಗೇ ಆಗಿದೆ ನೋಡಿ. ಲೀಟರ್ ಬಾಳ ಕೊಡ್ತದೆ, ಫ್ಯಾಟಿಲ್ಲ."

ಕೃಷ್ಣಕುಮಾರನಿಗೆ ಸಿಟ್ಟು ಬಂತು. "ಲಾರಿ ವಿಷಯ ನಿಂಗೆ ಎಂತ ಗೊತ್ತು?"

"ಗೊತ್ತಿಲ್ಲ. ಅದಕ್ಕೇ ನಾಳೆ ನಾನೂ ಬತ್ತೀನಿ. ಡೈರಿಗೆ ಬೆಳಿಗ್ಗೆ ಇನ್ನೊಬ್ಳು ಬತ್ತಾಳೆ."

ತಮಾಷೆಗೆ ಹೇಳಿದ್ದಾಳೆ ಎಂದುಕೊಂಡಿದ್ದ. ಮಾರನೆಯ ದಿನ ಅವಳು ಬುತ್ತಿ ಕಟ್ಟಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಕ್ಯಾಬಿನ್ ಹತ್ತಿ ಕೂತೇಬಿಟ್ಟಳು.

ಕೋರೆಯಲ್ಲಿ ಕಲ್ಲು ಹೇರುವುದನ್ನು ನೋಡಿದಳು. ಗಾಡಿ ಹೊರಟಾಗ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿ ಕಿರುಗುಟ್ಟಿದ್ದನ್ನು ಕೇಳಿದಳು. ಹುಂಚ ದಾಟಿತು. ಗುಂಡಿ ಬಂದಾಗಲೆಲ್ಲ ಹಿಂಬದಿಯ ಎಡಗಡೆಯಿಂದ ಟಕ್ ಎಂದು ಸದ್ದು ಬರುತ್ತಿತ್ತು.

"ಇದೆಂತ ಶಬ್ದ?"

"ಕಮಾನು ಪಟ್ಟಿ. ಒಂದು ಎಲೆ ಬಿರುಕು ಬಿಟ್ಟಿರ್ಬೇಕು. ಏನೂ ಆಗಲ್ಲ, ಉಳಿದವು ಹಿಡ್ಕೊಂಡಿರ್ತವೆ."

"ಯಾವಾಗಿಂದ ಬರ್ತಿದೆ?"

"ಸಂಕ್ರಾಂತಿ ಹೊತ್ತಿಂದ."

ಅಂದು ಶಿವರಾತ್ರಿ ಕಳೆದು ವಾರವಾಗಿತ್ತು. ಸ್ವಪ್ನಾ ಕಿಟಕಿಯ ಹೊರಗೆ ನೋಡುತ್ತಾ, "ಕೊಟ್ಟಿಗೇಲಿ ಹಸು ಕುಂಟಿದ್ರೆ ಇಷ್ಟು ದಿನ ಬಿಡ್ತಿದ್ರಾ?" ಎಂದಳು. ಅವನು ಗೇರು ಬದಲಿಸಿದ. ಈ ವಾರ ಮುಗಿಯಲಿ, ಸಾಗರಕ್ಕೆ ಹೋಗಿ ಬಿಚ್ಚಿಸಿದರಾಯಿತು ಎಂದು ಮನಸ್ಸಿನಲ್ಲೇ ಅಂದುಕೊಂಡ.

ಕಮಾನು ವಾರ ಮುಗಿಯುವವರೆಗೆ ಕಾಯಲಿಲ್ಲ. ಎರಡು ದಿನ ಬಿಟ್ಟು, ಅವನೊಬ್ಬನೇ ಹೊರಟಿದ್ದಾಗ, ಕೋಣಂದೂರು ದಾಟಿದ ಮೇಲಿನ ಇಳಿಜಾರಿನಲ್ಲಿ, ಹಾಡಹಗಲು, ಟಕ್ ಎನ್ನುವ ಬದಲು ಬಂದೂಕು ಹೊಡೆದ ಹಾಗೆ ಸದ್ದಾಯಿತು. ಹಿಂದಿನ ಅಚ್ಚು ಜಾರಿತು. ಲಾರಿ ಎಡಕ್ಕೆ ಎಳೆಯತೊಡಗಿತು. ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಮನಸ್ಸು ಮಾಡಲಿಲ್ಲ. ಗೇರು ಇಳಿಸಿ, ಇಳಿಸಿ, ಕೊನೆಗೆ ರಸ್ತೆ ಬದಿಯ ಮಣ್ಣುಗೋಡೆಯಂಥ ಧರೆಗೆ ಉಜ್ಜಿಸಿ ನಿಲ್ಲಿಸಿದ. ಹಿಂಬಾಗಿಲು ಕಿತ್ತು ಅರ್ಧ ಲೋಡು ಕಲ್ಲು ರಸ್ತೆಗೆ ಚೆಲ್ಲಿತು. ಹಿಂದೆ ಯಾರೂ ಬರುತ್ತಿರಲಿಲ್ಲ. ಮುಂದೆಯೂ ಯಾರೂ ಇರಲಿಲ್ಲ. ಅವನಿಗೆ ಒಂದು ಗೀರೂ ಆಗಿರಲಿಲ್ಲ. ಕೆಳಗಿಳಿದು ಮುಕುಂದಯ್ಯನವರಿಗೆ ಫೋನ್ ಮಾಡಿದ.

ಮುಕುಂದಯ್ಯ ಬೇರೆ ಲಾರಿ ಕಳಿಸಿ ಕಲ್ಲು ಎತ್ತಿಸಿಕೊಂಡರು. ತಾವೂ ಜೀಪಿನಲ್ಲಿ ಬಂದಿದ್ದರು. ಬೈಯಲಿಲ್ಲ. "ಜೀವ ಉಳೀತಲ್ಲ ಕುಮಾರ, ಅದು ದೊಡ್ಡದು. ಲೋಡು ನಂದು, ನಾನು ನೋಡ್ಕೊಳ್ತೀನಿ. ಗಾಡಿ ನಿಂದು," ಎಂದು ಹೇಳಿ ಹೊರಟರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಗಾಡಿ ಅವನದೇ.

ಅಚ್ಚಿಗೂ ಚಾಸಿಗೂ ನಡುವೆ ಮರದ ದಿಮ್ಮಿ ಕೊಟ್ಟು, ಸರಪಳಿ ಬಿಗಿದು, ಎರಡನೇ ಗೇರಿನಲ್ಲೇ ತೆವಳಿಸುತ್ತಾ ಮಾರನೆಯ ದಿನ ಸಾಗರ ಮುಟ್ಟಿದ. ಅಲ್ಲಿ ಗಣೇಶಮೂರ್ತಿಯ ಶೆಡ್ಡಿತ್ತು. ಹಳೆಯ ಧಣಿಯ ಲಾರಿಗಳಿಗೆಲ್ಲ ಗಣೇಶಮೂರ್ತಿಯೇ ಮೆಕ್ಯಾನಿಕ್. ಅರವತ್ತರ ಹತ್ತಿರದ ಮನುಷ್ಯ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಮಾತಾಡುವವರು. ಕೃಷ್ಣಕುಮಾರ್ ಅವರನ್ನು ಮೂರ್ತಣ್ಣ ಎಂದು ಕರೆಯುತ್ತಿದ್ದ. ಮೂರ್ತಣ್ಣ ಗಾಡಿಯ ಕೆಳಗೆ ಹೋಗಿ, ಟಾರ್ಚು ಹಿಡಿದು, ಬಹಳ ಹೊತ್ತಿನ ಮೇಲೆ ಹೊರಗೆ ಬಂದರು.

"ಕಮಾನು ಬಿಡು, ಅದು ಎಲ್ರಿಗೂ ಕಾಣ್ತದೆ. ಬ್ರೇಕ್ ಲೈನರ್ ಎಲೆ ಹಂಗೆ ತೆಳ್ಳಗಾಗಿದೆ. ಬೇರಿಂಗಲ್ಲಿ ಗ್ರೀಸ್ ಅನ್ನೋದು ಒಣಗಿ ಮಣ್ಣಾಗಿದೆ. ಚಾಸಿ ಒಂದು ಕಡೆ ಬಿರುಕು ಬಿಟ್ಟಿದ್ದಕ್ಕೆ ಹಿಂದಿನವ್ರು ವೆಲ್ಡಿಂಗ್ ಹೊಡ್ಸಿ ಮೇಲೆ ಬಣ್ಣ ಬಳ್ದಿದ್ದಾರೆ. ನೀನು ಕೊಳ್ಳಕ್ಕಿಂತ ಮುಂಚೆ ಕೆಳಗೆ ಹೋಗಿ ನೋಡ್ಲಿಲ್ವಾ?"

"ಓಡ್ಸಿ ನೋಡ್ದೆ ಮೂರ್ತಣ್ಣ. ಎಂಜಿನ್ ಚೆನ್ನಾಗಿತ್ತು."

"ಎಂಜಿನ್ ಈಗ್ಲೂ ಚೆನ್ನಾಗಿದೆ. ಅದೊಂದೇ ನಿನ್ನ ಅದೃಷ್ಟ."

ಆ ದಿನವೇ ಶೆಡ್ಡಿಗೆ ಬಂದಿದ್ದ ಗುಜರಿ ವ್ಯಾಪಾರಿಯೊಬ್ಬ ಲಾರಿ ನೋಡಿ, ಬಿಡಿಭಾಗ ಬಿಚ್ಚಿ ಮಾರಲು ಒಂದು ಬೆಲೆ ಹೇಳಿದ. ಫೈನಾನ್ಸ್ ತೀರಿಸಲು ಅದು ಸಾಕಾಗುತ್ತಿತ್ತು. ಅದಕ್ಕಿಂತ ಒಂದು ಬಿಡಿಗಾಸೂ ಹೆಚ್ಚಿಲ್ಲ. ಕೃಷ್ಣಕುಮಾರ್ ಸ್ವಪ್ನಾಳಿಗೆ ಫೋನ್ ಮಾಡಿ ಹೇಳಿದ. ಮಾರನೆಯ ದಿನ ಅವಳು ಬಸ್ಸು ಹಿಡಿದು ಬಂದಳು. ಇಬ್ಬರೂ ಶೆಡ್ಡಿನ ಪಕ್ಕದ ಮಾವಿನ ಮರದ ಕೆಳಗೆ, ಹಳೇ ಟೈರುಗಳ ಮೇಲೆ ಕೂತರು.

"ಕೊಟ್ಬಿಡೋಣ ಅನ್ನಿಸ್ತಿದೆ," ಎಂದ ಅವನು. "ಅಮ್ಮ ಅವತ್ತೇ ಹೇಳಿದ್ರು."

"ಕೊಟ್ಟು ಎಂತ ಮಾಡ್ತೀರಿ?"

"ಎಲ್ಲಾದ್ರೂ ಡ್ರೈವರ್ ಕೆಲಸ."

"ಅಲ್ಲೂ ಕಮಾನು ಕಟ್ಟಾಗ್ತದಲ್ಲ."

"ಆಗ ಧಣಿಗೆ ಫೋನ್ ಮಾಡ್ತೀನಿ."

"ಈಗ ನಂಗೆ ಮಾಡಿದ್ರಿ. ನಾನು ಬಂದೆ. ವ್ಯತ್ಯಾಸ ಎಂತ?"

ಅವನಿಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು. ಸ್ವಪ್ನಾ ಎದ್ದು ಹೋಗಿ ಮೂರ್ತಣ್ಣನನ್ನೇ ಕೇಳಿದಳು, ಇದನ್ನು ಸರಿ ಮಾಡಿಸಿದರೆ ಎಷ್ಟು ವರ್ಷ ಓಡುತ್ತದೆ ಎಂದು.

"ಕಲ್ಲು ಹೊರ್ಸಿದ್ರೆ ಒಂದು ವರ್ಷ. ವಯಸ್ಸಿಗೆ ತಕ್ಕ ಕೆಲಸ ಕೊಟ್ರೆ ಆರೇಳು ವರ್ಷಕ್ಕೆ ಮೋಸವಿಲ್ಲ ತಂಗಿ," ಎಂದರು ಅವರು. "ಆದ್ರೆ ಎಲ್ಲ ಒಟ್ಟಿಗೆ ಮಾಡ್ಸಕ್ಕೆ ಹೋಗ್ಬೇಡಿ. ಮೊದ್ಲು ನಿಲ್ಲೋದು ಸರಿಯಾಗ್ಲಿ. ಆಮೇಲೆ ತಿರುಗೋದು. ಆಮೇಲೆ ಹೊರೋದು. ಓಡೋದು ಹೆಂಗೂ ಓಡ್ತದೆ."

ಬ್ರೇಕು, ಸ್ಟೇರಿಂಗು, ಕಮಾನಿನ ಜೊತೆ ಚಾಸಿ. ಆ ಕ್ರಮದಲ್ಲೇ ಕೆಲಸ ಶುರುವಾಯಿತು. ಬಚ್ಚಲುಮನೆ ಕಟ್ಟಿಸಲು ಸ್ವಪ್ನಾ ತನ್ನ ಸಂಬಳದಲ್ಲಿ ಎತ್ತಿಟ್ಟಿದ್ದ ಹಣ ಸಾಮಾನಿಗೆ ಹೋಯಿತು. ಕೂಲಿಗೆ ಹಣವಿಲ್ಲದ್ದರಿಂದ ಕೃಷ್ಣಕುಮಾರ್ ತಾನೇ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ. ತನ್ನ ಗಾಡಿಯ ಕೆಲಸ ಇಲ್ಲದಾಗ ಬೇರೆಯವರ ಗಾಡಿಗೆ ಸ್ಪ್ಯಾನರ್ ಹಿಡಿದ. ತಾನು ಹದಿನೈದು ವರ್ಷ ಮೇಲೆ ಕೂತು ಓಡಿಸಿದ ವಸ್ತುವನ್ನು ಮೊದಲ ಬಾರಿಗೆ ಕೆಳಗಿನಿಂದ ನೋಡಿದ. ಗ್ರೀಸ್ ಹೊಡೆಯುವ ಸಣ್ಣ ಮೂತಿಗಳು ಅಲ್ಲಲ್ಲಿ ಮಣ್ಣು ಕಚ್ಚಿ ಮುಚ್ಚಿಹೋಗಿದ್ದವು. ಒಂದೊಂದನ್ನೇ ತಂತಿಯಿಂದ ಕೆರೆದು, ಗನ್ ಹಚ್ಚಿ ಒತ್ತಿದಾಗ ಮೊದಲು ಕಲ್ಲಿನಂಥ ಕರಿ ಹೊರಬರುತ್ತಿತ್ತು, ಆಮೇಲೆ ಕಂದು, ಕೊನೆಗೆ ಬೆಣ್ಣೆಯಂಥ ಹೊಸ ಗ್ರೀಸು. ಅದು ಹೊರಗೆ ಇಣುಕಿದಾಗ ಅವನಿಗೆ ಹುಣ್ಣು ಒಡೆದು ಕೀವು ಹೋದಷ್ಟು ಸಮಾಧಾನವಾಗುತ್ತಿತ್ತು. ಹಿಂದಿನ ಚಕ್ರಗಳ ಬ್ರೇಕ್ ಲೈನರನ್ನು ಮೂರ್ತಣ್ಣ ಪಕ್ಕದಲ್ಲಿ ನಿಂತು ಅವನ ಕೈಯಲ್ಲೇ ಹಾಕಿಸಿದರು.

ಒಂದು ಮಧ್ಯಾಹ್ನ ಶೆಡ್ಡಿಗೆ ಒಂದು ಪುಟ್ಟ ಗೂಡ್ಸ್ ವ್ಯಾನು ಕುಂಟುತ್ತಾ ಬಂತು. ಅದನ್ನು ಓಡಿಸಿಕೊಂಡು ಬಂದವಳು ವಂದನಾ. ವರದಮೂಲದ ರಸ್ತೆಯಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಘಟಕ ನಡೆಸುತ್ತಿದ್ದಳು. ಹತ್ತು ಹೆಂಗಸರು ಅಲ್ಲಿ ಕೆಲಸಕ್ಕಿದ್ದರು. ಕ್ಲಚ್ ಹೋಗಿದೆ ಎಂದು ಕೇಳಿ ಅವಳು ಬೆಂಚಿನ ಮೇಲೆ ಕುಸಿದು ಕೂತಳು.

"ಇದು ಈ ವರ್ಷ ಮೂರ್ನೇ ಸಲ. ತೀರ್ಥಹಳ್ಳಿ ಕಡೆ ತೋಟದವ್ರು ಹಾಳೆ ಒಣಗ್ಸಿ ಇಟ್ಟಿರ್ತಾರೆ. ಈ ವ್ಯಾನಲ್ಲಿ ಎಷ್ಟು ಹಿಡೀತದೆ? ಎರಡು ದಿನದ ಕೆಲಸಕ್ಕೆ ಆಗೋಷ್ಟು. ಮತ್ತೆ ಓಡು. ದೊಡ್ಡ ಲಾರಿಯವ್ರನ್ನ ಕೇಳಿದ್ರೆ, ಹಾಳೆ ಹೊರಕ್ಕೆ ಲಾರಿ ಯಾಕೆ ಅಂತಾರೆ."

ಗಾಡಿಯ ಕೆಳಗೆ ಮಲಗಿದ್ದ ಕೃಷ್ಣಕುಮಾರನಿಗೆ ಮೂರ್ತಣ್ಣ ಕಾಲಿನಿಂದ ಮೆಲ್ಲಗೆ ತಿವಿದರು. "ಕೇಳ್ತಾ? ವಯಸ್ಸಿಗೆ ತಕ್ಕ ಕೆಲಸ."

ಅವನು ಹೊರಗೆ ಬರಲಿಲ್ಲ. ಐನೂರು ಕಲ್ಲು ಹೊತ್ತ ಗಾಡಿಯಲ್ಲಿ ಹಾಳೆ ಹೇರಿಕೊಂಡು ಹೋದರೆ ಜೊತೆಯವರು ಏನಂದಾರು ಎಂದೇ ಅವನಿಗೆ ಮೊದಲು ಅನ್ನಿಸಿದ್ದು. ವಂದನಾ ಹೋದ ಮೇಲೆ ಅದನ್ನೇ ಹೇಳಿದ. "ಗಾಡಿಗೂ ಒಂದು ಮರ್ಯಾದೆ ಅಂತ ಇರ್ತದಲ್ಲ ಮೂರ್ತಣ್ಣ."

"ಗಾಡಿಗೆ ಎಂತ ಮರ್ಯಾದೆ ಮಾರಾಯ? ಮರ್ಯಾದೆ ಬೇಕಾಗಿರೋದು ನಿಂಗೆ."

ಸಂಜೆ ಸ್ವಪ್ನಾಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಮರ್ಯಾದೆಯ ಸುದ್ದಿ ಎತ್ತಲಿಲ್ಲ. ಹಾಳೆ ತುಂಬಿದ ಲಾರಿ ಎಷ್ಟು ತೂಗುತ್ತದೆ, ಅದಕ್ಕೆ ಡೀಸೆಲ್ ಎಷ್ಟು ಕುಡಿಯುತ್ತದೆ, ಟೈರು ಎಷ್ಟು ದಿನ ಬರುತ್ತದೆ ಎಂದು ಕೇಳಿದಳು. ಉತ್ತರ ಹೇಳುತ್ತಾ ಹೇಳುತ್ತಾ ಅವನಿಗೇ ತಿಳಿಯಿತು. ಕಲ್ಲಿನಷ್ಟು ಬಾಡಿಗೆ ಸಿಗುವುದಿಲ್ಲ. ಆದರೆ ಸಿಕ್ಕಿದ್ದರಲ್ಲಿ ಅರ್ಧಕ್ಕರ್ಧ ಕೈಯಲ್ಲಿ ಉಳಿಯುತ್ತದೆ. ಮರುದಿನ ಕೈ ತೊಳೆದುಕೊಂಡು ವಂದನಾಳ ಘಟಕಕ್ಕೆ ಹೋದ. ತೂಕದ ಲೆಕ್ಕವಲ್ಲ, ಟ್ರಿಪ್ಪಿನ ಲೆಕ್ಕ ಎಂದು ಮಾತಾಯಿತು.

ಗಾಡಿ ಸಿದ್ಧವಾಗಿ ಹೊರಟ ಮೊದಲ ಟ್ರಿಪ್ಪಿನಲ್ಲೇ ಹಾಳೆಯೂ ಸುಲಭದ ಹೊರೆಯಲ್ಲ ಎಂದು ಗೊತ್ತಾಯಿತು. ಕಲ್ಲು ಹೇರಿದರೆ ಹೇರಿದಲ್ಲೇ ಕೂತಿರುತ್ತದೆ. ಹಾಳೆಯ ಕಟ್ಟುಗಳು ಗೋಪುರದ ಹಾಗೆ ಮೇಲೇರುತ್ತವೆ, ಒಂದರ ಮೇಲೊಂದು ಜಾರುತ್ತವೆ, ಮರದ ಕೊಂಬೆಗೆ ಸಿಕ್ಕಿಕೊಳ್ಳುತ್ತವೆ. ಹಗ್ಗವನ್ನು ಕಲ್ಲಿನ ಲಾರಿಯವರ ಅಂದಾಜಿನಲ್ಲಿ ಬಿಗಿದಿದ್ದ. ಹುಂಚದ ಪೇಟೆಯ ನಡುವೆ ಗಾಳಿ ಬೀಸಿ ಹತ್ತಾರು ಕಟ್ಟು ಉದುರಿದವು. ಬಸ್ಸಿಗೆ ಕಾಯುತ್ತಿದ್ದವರು ನಗುತ್ತಲೇ ಓಡಿ ಬಂದು ಹೆಕ್ಕಿಕೊಟ್ಟರು. ಒಬ್ಬ ಮುದುಕ, "ಹಗುರದ ಹೊರೆಗೆ ಅಡ್ಡಹಗ್ಗ ಬೇಕು ತಮ್ಮ, ಉದ್ದಹಗ್ಗ ಅಲ್ಲ," ಎಂದು ತಾನೇ ನಿಂತು ಕಟ್ಟಿಸಿದ. ಹುಲ್ಲಿನ ಗಾಡಿ ಹೊಡೆದ ಕಾಲದ ಮನುಷ್ಯ.

ಕೋರೆಯ ಡ್ರೈವರುಗಳು ಸಿಕ್ಕಾಗ ನಗದೇ ಬಿಡಲಿಲ್ಲ. "ಏನು ಕುಮಾರ, ಹಪ್ಪಳ ಸಾಗಿಸ್ತಿದ್ದೀಯಂತೆ," ಎಂದು ಚಾದಂಗಡಿಯಲ್ಲಿ ಕೇಳಿದರು. ಮೊದಮೊದಲು ಅವನು ಆ ಅಂಗಡಿಯ ಮುಂದೆ ನಿಲ್ಲಿಸುವುದನ್ನೇ ಬಿಟ್ಟ. ಆಮೇಲೆ ಮತ್ತೆ ನಿಲ್ಲಿಸತೊಡಗಿದ. ಯಾಕೆಂದರೆ ಅಲ್ಲಿಯ ಬನ್ಸು ಅವನಿಗೆ ಬಹಳ ಇಷ್ಟ.

ಈ ನಡುವೆ ಸ್ವಪ್ನಾ ಒಂದು ಹೊಸ ಪದ್ಧತಿ ತಂದಳು. ಪ್ರತಿ ಟ್ರಿಪ್ಪಿನ ಬಾಡಿಗೆಯಲ್ಲಿ ಮೊದಲ ಪಾಲು ಗಾಡಿಗೆ. ಊರಿನ ಸೊಸೈಟಿಯ ಪಿಗ್ಮಿ, ಅಂದರೆ ದಿನದಿನದ ಉಳಿತಾಯದ ಹಣ, ಸಂಗ್ರಹಿಸಲು ಸಂಜೆ ಬರುವವರ ಕೈಗೆ ಅದು ಹೋಗುತ್ತಿತ್ತು. ಮನೆಗೆ ಎಷ್ಟೇ ತುರ್ತು ಇದ್ದರೂ ಆ ಹಣ ಮುಟ್ಟುವ ಹಾಗಿಲ್ಲ. ಟೈರು, ಇನ್ಷೂರೆನ್ಸ್, ಎಫ್‌ಸಿ, ಎಲ್ಲ ಅದರಿಂದಲೇ. "ಹಸು ಕರೆದ ಹಾಲಲ್ಲಿ ಹಿಂಡಿ, ಹುಲ್ಲಿನ ದುಡ್ಡು ಮೊದ್ಲು ತೆಗೀತಾರಲ್ಲ, ಹಂಗೇ," ಎಂದಳು. ಭಾನುವಾರ ಗಾಡಿಗೆ ರಜೆ. ಅಂದು ಅವನು ಚಾಪೆ ಹಾಸಿಕೊಂಡು ಕೆಳಗೆ ನುಗ್ಗುತ್ತಿದ್ದ. ನಟ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು, ಗ್ರೀಸ್ ಹೊಡೆಯುವುದು, ಟೈರಿನ ಸಂದಿಗೆ ಸಿಕ್ಕಿದ ಕಲ್ಲು ಕೀಳುವುದು. ಪುಷ್ಪಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಾ, ಕೆಳಗಿನಿಂದ ಕಾಣುವ ಮಗನ ಕಾಲುಗಳ ಜೊತೆ ಊರ ಸುದ್ದಿ ಮಾತಾಡುತ್ತಿದ್ದರು. ಮನೆಯಲ್ಲಿ ಮಗ ಇಷ್ಟು ಹೊತ್ತು ಇರುವುದನ್ನು ಅವರು ಅವನ ಮದುವೆಯಾದ ಮೇಲೆ ಕಂಡದ್ದೇ ಇಲ್ಲ.

ಮಳೆಗಾಲ ಬಂದರೆ ಹಾಳೆಯ ಕೆಲಸ ನಿಲ್ಲುತ್ತದೆ. ಒದ್ದೆ ಹಾಳೆ ಬೂಸಲು ಹಿಡಿಯುತ್ತದೆ. ಆಗ ಏನು ಮಾಡುವುದೆಂಬ ಚಿಂತೆಗೆ ದಾರಿ ಸ್ವಪ್ನಾಳ ಡೈರಿಯಿಂದಲೇ ಸಿಕ್ಕಿತು. ಸುತ್ತಲಿನ ಹಳ್ಳಿಗಳ ಡೈರಿಗಳಿಗೆ ಹಿಂಡಿಯ ಚೀಲ ಮುಟ್ಟಿಸಬೇಕಿತ್ತು. ಗಾಡಿ ಹೊರುವಷ್ಟೇ ಹೇರುತ್ತೇನೆ, ಅದಕ್ಕಿಂತ ಒಂದು ಚೀಲ ಹೆಚ್ಚಿಲ್ಲ ಎಂದು ಮೊದಲೇ ಹೇಳಿ ಅವನು ಒಪ್ಪಿಕೊಂಡ.

ಜೂನ್ ಕೊನೆಯ ಒಂದು ಬೆಳಿಗ್ಗೆ, ಹಿಂಡಿಯ ಲೋಡು, ಜಡಿ ಮಳೆ. ಕೋಣಂದೂರು ದಾಟಿದ ಅದೇ ಇಳಿಜಾರು. ತಿರುವು ತಿರುಗಿಸಿದವನಿಗೆ ರಸ್ತೆಯ ನಡುವೆ ಶಾಲೆಯ ಬಸ್ಸು ನಿಂತಿದ್ದು ಕಂಡಿತು. ಮಕ್ಕಳು ಕೊಡೆ ಬಿಚ್ಚುತ್ತಾ ಇಳಿದು ರಸ್ತೆ ದಾಟುತ್ತಿದ್ದರು. ಅವನು ಬ್ರೇಕ್ ಒತ್ತಿದ. ಕಾಲಿನ ಕೆಳಗೆ ಪೆಡಲು ಗಟ್ಟಿಯಾಗಿ ಎದುರು ಕೊಟ್ಟಿತು. ಲಾರಿ ಎಡಕ್ಕೂ ಬಲಕ್ಕೂ ಎಳೆಯದೆ, ನೇರವಾಗಿ, ಬಸ್ಸಿಗಿಂತ ಎಷ್ಟೋ ಹಿಂದೆಯೇ ನಿಂತಿತು. ಮಕ್ಕಳು ಅತ್ತ ತಿರುಗಿಯೂ ನೋಡಲಿಲ್ಲ. ಒಬ್ಬಳು ಹುಡುಗಿ ಮಾತ್ರ ಕೈಯೆತ್ತಿ ತೋರಿಸಿ ದಾಟಿ ಹೋದಳು.

ಬಸ್ಸು ಹೋದ ಮೇಲೆ ಅವನು ಗಾಡಿಯನ್ನು ಬದಿಗೆ ಹಾಕಿ, ಮಳೆಯಲ್ಲೇ ಇಳಿದು, ಹಿಂದಿನ ಚಕ್ರದ ಡ್ರಮ್ಮಿನ ಹತ್ತಿರ ಕೈಯೊಡ್ಡಿ ನೋಡಿದ. ಹಿತವಾದ ಬಿಸಿ, ಸುಟ್ಟ ವಾಸನೆಯಿಲ್ಲ. ಸಾಗರಕ್ಕೆ ಫೋನ್ ಮಾಡಿದ.

"ಮೂರ್ತಣ್ಣ, ನಿಲ್ತು."

"ಎಂತದು ನಿಂತಿದ್ದು?"

"ಗಾಡಿ."

ಮೂರ್ತಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಿಲ್ಲದೆ ಎಂತ ಮಾಡ್ತದೆ? ಲೈನರ್ ಹಾಕಿದ್ದು ನೀನೇ ಅಲ್ವಾ," ಎಂದು ಹೇಳಿ ಅವರು ಫೋನ್ ಇಟ್ಟರು. ಕೃಷ್ಣಕುಮಾರ್ ಕ್ಯಾಬಿನ್ನಿಗೆ ಹತ್ತಿ, ತಲೆ ಒರೆಸಿಕೊಂಡು, ಎಂಜಿನ್ ಚಾಲೂ ಮಾಡಿದ. ಗಾಜಿನ ಮೇಲೆ ವೈಪರ್ ಆಡುತ್ತಿತ್ತು. ಹಿಂದೆ ಮುಂದೆ ನೋಡಿ, ಮೊದಲ ಗೇರು ಹಾಕಿ ಮುಂದಿನ ಡೈರಿಯ ಕಡೆ ಹೊರಟ.

ಆ ಮಳೆಗಾಲದಲ್ಲೇ ಎಫ್‌ಸಿಗೆ ಹೋಗುವ ದಿನ ಬಂತು. ಹಿಂದೆಲ್ಲ ಲಾರಿಗಳನ್ನು ಎಫ್‌ಸಿಗೆ ಒಯ್ಯುವಾಗ ಯಾರದೋ ಒಳ್ಳೆಯ ಟೈರು ಎರವಲು ತಂದು ಹಾಕಿ, ಬಣ್ಣ ಬಳಿದು, ದೇವರ ಮೇಲೆ ಭಾರ ಹಾಕಿ ಹೋಗುವುದನ್ನು ಅವನು ಕಂಡಿದ್ದ. ಈ ಸಲ ಗಾಡಿ ಇದ್ದ ಹಾಗೇ ಹೋಯಿತು, ಪಾಸಾಗಿ ಬಂತು. ಪಿಗ್ಮಿಯ ಹಣದಲ್ಲಿ ಮುಂದಿನ ಎರಡು ಚಕ್ರಕ್ಕೆ ಹೊಸ ಟೈರು ಕೊಂಡ. ಸವೆದದ್ದಕ್ಕೆ ರೀಸೋಲ್ ಮಾಡಿಸಿದ್ದಲ್ಲ, ಕಂಪನಿಯ ಹೊಸ ಟೈರು. ಮನೆಗೆ ತಂದಾಗ ಪುಷ್ಪಮ್ಮ ಅದರ ಮೇಲಿನ ರಬ್ಬರಿನ ಮುಳ್ಳುಗಳನ್ನು ಮುಟ್ಟಿ ಮುಟ್ಟಿ ನೋಡಿದರು.

ದಸರೆಯ ಹೊತ್ತಿಗೆ ಮುಕುಂದಯ್ಯನವರ ಫೋನ್ ಬಂತು. ಕಲ್ಲಿಗೆ ಗಾಡಿ ಸಾಲುತ್ತಿಲ್ಲ, ಹೋದ ವರ್ಷಕ್ಕಿಂತ ಹೆಚ್ಚಿಗೆ ಕೊಡುತ್ತೇನೆ ಎಂದರು.

"ಬತ್ತೀನಿ ಸಾಹುಕಾರ್ರೆ. ಆದ್ರೆ ಮುನ್ನೂರೈವತ್ತು ಕಲ್ಲು. ಅದೂ ಹಾಳೆ ಇಲ್ಲದ ದಿನ."

"ಮುನ್ನೂರೈವತ್ತಕ್ಕೆ ನಂಗೆ ಗಿಟ್ಟಲ್ಲ ಕುಮಾರ."

"ನಂಗೆ ಅದಕ್ಕಿಂತ ಮೇಲೆ ಗಿಟ್ಟಲ್ಲ."

ಆ ಕಡೆ ಮುಕುಂದಯ್ಯ ಸುಮ್ಮನಿದ್ದರು. ಒಂದು ಕಾಲದಲ್ಲಿ ಇಂಥ ಮೌನಕ್ಕೆ ಹೆದರಿ ಅವನು ತಾನೇ ಏನಾದರೂ ಹೇಳಿ ಒಪ್ಪಿಕೊಂಡುಬಿಡುತ್ತಿದ್ದ. ಈ ಸಲ ಕಾದ. "ಆಯ್ತು ಬಾ. ಮುರಿದು ಬಿದ್ದ ಗಾಡಿಯಿಂದ ಕಲ್ಲು ಎತ್ತಿಸೋ ಖರ್ಚಾದ್ರೂ ಉಳೀತದೆ," ಎಂದು ಕೊನೆಗೆ ಅವರೇ ಹೇಳಿದರು. ತಿಂಗಳಿಗೆ ನಾಲ್ಕೈದು ಲೋಡು ಹಾಗೆ ಗೊತ್ತಾಯಿತು.

ಆ ಸಲದ ಸುಗ್ಗಿ ಮುಗಿದು ಹಾಳೆ ಉದುರುವ ಕಾಲಕ್ಕೆ ವಂದನಾ ಇನ್ನೊಂದು ಮಾತು ತಂದಳು. ಅವಳ ಘಟಕದಲ್ಲಿ ಹೊಸದಾಗಿ ಎರಡು ಯಂತ್ರ ಕೂತಿದ್ದವು. ಹಾಳೆ ಸಾಲುತ್ತಿರಲಿಲ್ಲ.

"ಕೃಷ್ಣಣ್ಣ, ಹಿನ್ನೀರಿನ ಆಚೆ, ತುಮರಿ ಕಡೆ, ಎಷ್ಟೊಂದು ತೋಟ ಇದಾವೆ. ಇಷ್ಟು ವರ್ಷ ಲಾಂಚ್ ಹತ್ಸಿ ಹಾಳೆ ತರ್ಬೇಕು ಅಂದ್ರೆ ಯಾರಿಗೂ ಪೂರೈಸ್ತಿರಲಿಲ್ಲ. ಈಗ ಸೇತುವೆ ಆಗಿದೆ. ಹೋಗಿ ನೋಡ್ತೀರಾ?"

ಹೊಸ ಸೇತುವೆಯ ಮೇಲೆ ಬಸ್ಸಿನಲ್ಲಿ ಸಿಗಂದೂರು ದೇವಿಯ ಗುಡಿಗೆ ಹೋಗಿ ಬಂದವರು ಊರಲ್ಲಿ ಬಹಳ ಮಂದಿ ಇದ್ದರು. ಪುಷ್ಪಮ್ಮ ಇನ್ನೂ ಹೋಗಿರಲಿಲ್ಲ. ಅಮ್ಮನವರ ದರ್ಶನವೂ ಆಗುತ್ತದೆ ಎಂದು ಅವರು ಹಿಂದಿನ ದಿನವೇ ಹೂವು ಕಟ್ಟ ಕೂತರು. ಬುಧವಾರ ಬೆಳಿಗ್ಗೆ ಮೂವರೂ ಹೊರಟರು. ಸ್ವಪ್ನಾ ನಡುವೆ, ಪುಷ್ಪಮ್ಮ ಕಿಟಕಿಯ ಪಕ್ಕ. ಸಾಗರ ದಾಟಿ, ಅಂಬಾರಗೋಡ್ಲಿನಲ್ಲಿ ಕಾಡು ತೆರೆದು ನೀರು ಕಂಡಾಗ ಪುಷ್ಪಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಅವರ ತವರಿನ ಗದ್ದೆ ಆ ನೀರಿನ ಕೆಳಗೆಲ್ಲೋ ಇತ್ತು.

"ಎಲ್ಲಿ ಬತ್ತದೆ ಅತ್ತೆ?" ಎಂದು ಸ್ವಪ್ನಾ ಕೇಳಿದಳು.

"ಯಾರಿಗ್ಗೊತ್ತು. ನನ್ನ ಅಪ್ಪ ಹೇಳ್ತಿದ್ದ. ನಾನು ಕಂಡಿದ್ದೇ ಇಲ್ಲ," ಎಂದರು ಅವರು. ಆಮೇಲೆ, "ಮೆಲ್ಲ ಹೊಡಿಯೋ," ಎಂದು ಮಗನಿಗೆ ಹೇಳಿದರು. ಅವನು ಗೇರು ಇಳಿಸಿದ.

ದರ್ಶನ ಮುಗಿಸಿ ತುಮರಿಯ ಆಚೆ ಸರೋಜ ಎಂಬುವವರ ತೋಟಕ್ಕೆ ಹೋದರು. ವಂದನಾ ಮೊದಲೇ ಫೋನ್ ಮಾಡಿ ಹೇಳಿದ್ದಳು. ಸರೋಜ ಐವತ್ತು ದಾಟಿದ ಗಟ್ಟಿ ಹೆಂಗಸು. ಕೊಟ್ಟಿಗೆಯ ಅಟ್ಟದ ತುಂಬ ಹಾಳೆ ಒಣಗಿಸಿ, ಕಟ್ಟು ಮಾಡಿ ಇಟ್ಟಿದ್ದರು.

"ಹೋದ ವರ್ಷ ಇದನ್ನೆಲ್ಲ ಬಚ್ಚಲ ಒಲೆಗೆ ಹಾಕಿದ್ವಿ," ಎಂದರು. "ಒಲೆ ಉರಿಯೋದು ನೋಡಿ ಹೊಟ್ಟೆನೂ ಉರೀತಿತ್ತು. ಮತ್ತೆ ಯಾವಾಗ ಬರ್ತ್ರಿ?"

"ಪ್ರತಿ ಬುಧವಾರ ಬತ್ತೀನಿ. ಒಣಗಿರ್ಬೇಕು, ಕಟ್ಟು ಒಂದೇ ಅಳತೆ ಇರ್ಬೇಕು, ಅಷ್ಟೇ."

"ಹಂಗಾರೆ ಅಕ್ಕಪಕ್ಕದವ್ರಿಗೂ ಹೇಳ್ತೀನಿ. ಈ ಸಾಲಲ್ಲಿ ಎಂಟ್ಹತ್ತು ಮನೆ ಇದೆ. ನೀವು ಬರೋದು ಗ್ಯಾರಂಟಿ ತಾನೆ? ಒಂದು ವಾರ ಬಂದು ಇನ್ನೊಂದು ವಾರ ಗಾಡಿ ಕೆಟ್ಟಿದೆ ಅಂದ್ರೆ, ಹಾಳೆ ಇಟ್ಕೊಂಡು ನಾವೆಂತ ಮಾಡ್ಬೇಕು?"

ಕೃಷ್ಣಕುಮಾರ್ ಉತ್ತರಿಸುವ ಮೊದಲೇ ಸ್ವಪ್ನಾ ಹೇಳಿದಳು: "ಭಾನುವಾರ ಕೆಟ್ಟಿರ್ತದೆ ಅಕ್ಕ. ಬುಧವಾರ ಕೆಡಲ್ಲ."

ಮಜ್ಜಿಗೆ ಕುಡಿದು, ಎಲ್ಲರೂ ಸೇರಿ ಕಟ್ಟುಗಳನ್ನು ಹೊತ್ತು ಹಾಕಿದರು. ಸರೋಜ ಒಂದು ಕೈಗೆ ಎರಡು ಕಟ್ಟು ಎತ್ತುತ್ತಿದ್ದರು. ಟಾರ್ಪಾಲು ಹೊದಿಸಿ, ಅಡ್ಡಹಗ್ಗ ಬಿಗಿದು, ಪ್ರತಿ ಗಂಟನ್ನೂ ಕೈಯಿಂದ ಜಗ್ಗಿ ನೋಡಿ ಅವನು ಗಾಡಿ ಹತ್ತಿದ. ಹೊರಡುವಾಗ ಬೇಲಿಯ ಆಚೆಯಿಂದ ಇನ್ನೊಬ್ಬರು ಕೂಗಿ, ತಮ್ಮ ತೋಟಕ್ಕೂ ಒಂದು ಸಲ ಬರಬಹುದೇ ಎಂದು ಕೇಳಿದರು. ಮುಂದಿನ ವಾರ ಎಂದು ಅವನು ಕೈಬೀಸಿದ.

ಮಧ್ಯಾಹ್ನದ ಮೇಲೆ ಹಿನ್ನೀರಿನ ಮೇಲೆ ಗಾಳಿ ಎದ್ದಿತ್ತು. ಸೇತುವೆಯ ಮೇಲೆ ಹಗುರದ, ಎತ್ತರದ ಹೊರೆಗೆ ಅದು ಬದಿಯಿಂದ ಬಂದು ತಗಲುತ್ತಿತ್ತು. ಅವನು ಮೂರನೇ ಗೇರಿನಲ್ಲಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಆತುರವಿಲ್ಲದೆ ನಡೆಸಿದ. ಹಿಂದೆ ಕಾರುಗಳು ಹಾರ್ನ್ ಹೊಡೆದವು. ಕೈ ಹೊರಗೆ ಚಾಚಿ ಅವುಗಳನ್ನು ಮುಂದೆ ಬಿಟ್ಟ. ಪುಷ್ಪಮ್ಮ ಕುಂಕುಮ ಪ್ರಸಾದವನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರು. ಸ್ವಪ್ನಾ ಫೋನು ತೆಗೆದು ವಂದನಾಳಿಗೆ, ತಟ್ಟೆ ಒತ್ತುವ ಯಂತ್ರ ಬಿಸಿ ಮಾಡಿಡಿ, ಸಂಜೆಯೊಳಗೆ ಮುಟ್ಟುತ್ತೇವೆ ಎಂದು ಹೇಳಿದಳು.